ಮೊದಲು ಬೆರಳು, ಆಮೇಲೆ ಪೆನ್ಸಿಲ್

ಕೇಳುಗರೆಲ್ಲರಿಗೂ ನಮಸ್ಕಾರ. ರೊಟ್ಟಿ ಬಡಿಯುತ್ತ ರೇಡಿಯೋ ಹಚ್ಚಿಟ್ಟಿರುವ ತಾಯಂದಿರಿಗೆ, ಕಟ್ಟೆಯ ಮೇಲೆ ಕೂತ ಅಜ್ಜಿ, ಮುತ್ಯಾಗಳಿಗೆ ಇನ್ನೊಂದು ನಮಸ್ಕಾರ. ಇವತ್ತಿನ ಮಾತು ನಿಮಗೇ.

ಜೂನ್ ಬಂತೆಂದರೆ ನನಗೆ ಒಂದೇ ಪ್ರಶ್ನೆ. "ಅಕ್ಕೋರೆ, ಮಗಂಗ ಮೂರು ತುಂಬ್ಯಾವು. ಇನ್ನೂ ಅ, ಆ ಬರಿಯಂಗಿಲ್ಲ. ಏನ್ ಮಾಡೂದ್ರಿ?" ವಿಜಯಪುರ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆಯರಿಗೆ 28 ವರ್ಷ ತರಬೇತಿ ಕೊಟ್ಟವಳು ನಾನು. ನನ್ನ ಉತ್ತರವೂ ಒಂದೇ. ಪೆನ್ಸಿಲ್ ಒಳಗಿಡಿ. ಮೊದಲು ಬೆರಳು, ಆಮೇಲೆ ಪೆನ್ಸಿಲ್.

ಯಾಕೆ? ನಿಮ್ಮ ಮಣಿಕಟ್ಟು ಹಿಡಿದು ನೋಡಿ. ಅದರೊಳಗೆ 8 ಸಣ್ಣ ಎಲುಬುಗಳಿವೆ. ಕೂಸು ಹುಟ್ಟಿದಾಗ ಅವು ಎಲುಬೇ ಅಲ್ಲ. ಕಿವಿಯ ಮೇಲಂಚು ಮುಟ್ಟಿದರೆ ಹೇಗಿರುತ್ತದೆ, ಅಷ್ಟು ಮೆತ್ತಗೆ. ವರ್ಷ ಕಳೆದ ಹಾಗೆ ಒಂದೊಂದೇ ಗಟ್ಟಿಯಾಗುತ್ತವೆ. 3 ವರ್ಷಕ್ಕೆ ಅರ್ಧವೂ ಆಗಿರುವುದಿಲ್ಲ. ಅಂಥ ಕೈಗೆ ಪೆನ್ಸಿಲ್ ಕೊಟ್ಟು, ಪುಟ ತುಂಬ ಅ ತಿದ್ದು ಅಂದರೆ, ಎಳೆಗರುವಿನ ಹೆಗಲಿಗೆ ನೊಗ ಇಟ್ಟ ಹಾಗಾಯಿತು.

ನೊಗ ಅಂದೆ, ಎತ್ತಿನ ಕಥೆ ನೆನಪಾಯಿತು. ಹೇಳಿಬಿಡುತ್ತೇನೆ.

ನಮ್ಮ ಡೋಣಿ ಹೊಳೆಯ ಸೀಮೆಯ ಒಂದು ಹಳ್ಳಿ. ಅಲ್ಲಿಯ ಅಂಗನವಾಡಿಯಲ್ಲಿ 4 ವರ್ಷದ ಹುಡುಗ. ಪಾಟಿ ಕಂಡರೆ ಸಾಕು, ಎರಡೂ ಕೈ ಬೆನ್ನ ಹಿಂದೆ. ಮೊದಲು ಯಾವುದೋ ಶಾಲೆಗೆ ಹಾಕಿದ್ದರಂತೆ. ಅಲ್ಲಿ ದಿನಕ್ಕೆ ಎರಡು ಪುಟ ಚುಕ್ಕಿ ಅಕ್ಷರ ತಿದ್ದಿಸುತ್ತಿದ್ದರು. ತಪ್ಪಿದರೆ ಬೆರಳ ಗಂಟಿನ ಮೇಲೆ ಸ್ಕೇಲು. ಕೈ ಹಿಂದೆ ಹೋಗದೆ ಇನ್ನೇನು ಮಾಡೀತು?

ನಾನು ಹೋದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ಹುಡುಗನ ಮುತ್ಯಾ ಎರೆಮಣ್ಣು ಕಲಸಿಕೊಂಡು ಅಂಗನವಾಡಿ ಕಟ್ಟೆಗೇ ಬಂದು ಕೂತಿದ್ದರು. ಹುಡುಗ ಎದುರಿಗೆ. ಆ ಎರಡೂ ಕೈ ಈಗ ಮೊಣಕೈವರೆಗೆ ಮಣ್ಣಿನಲ್ಲಿ! ಉಂಡೆ ಮಾಡಿದ. ಹಿಸುಕಿದ. ಎತ್ತಿನ ಹಿಣಿಲು ಮಾಡಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಮಣ್ಣು ಚಿವುಟಿ ಮೇಲೆತ್ತಿದ. ಪೆನ್ಸಿಲ್ ಹಿಡಿಯುವುದೂ ಆ ಚಿವುಟಿನಲ್ಲೇ ಅಲ್ವಾ? ಕೋಡಿಗೆ ಅಂಗೈಯಲ್ಲಿ ಮಣ್ಣು ಹೊಸೆದ. ಕಣ್ಣಿಗೆ ಒಂದೊಂದು ಜೋಳದ ಕಾಳು ಒತ್ತಿದ. ಉಳಿದ ಮಣ್ಣನ್ನು ಹಗ್ಗದ ಹಾಗೆ ಉದ್ದ ಮಾಡಿ, ಬಗ್ಗಿಸಿ ಕಟ್ಟೆಯ ಮೇಲೆ ಇಟ್ಟ.

"ಮುತ್ಯಾ, ಇದು ಎತ್ತು ಹೋಗೋ ಬಾಗಿಲಾ."

ನಾನು ಸುಮ್ನೆ ಒಂದು ಚೂರು ಮಣ್ಣು ತಗೊಂಡು ಅದರ ಮೇಲೆ ತಲೆಕಟ್ಟು ಇಟ್ಟೆ. "ಇದು ಗ" ಅಂದೆ. "ಗ" ಅಂದ. ತೋರುಬೆರಳಿನಿಂದ ಬಾಗಿಲನ್ನು ಸವರಿದ. ಎಡಗಡೆ ಹತ್ತಿ, ಬಲಗಡೆ ಇಳಿದ. ಮತ್ತೆ ಸವರಿದ. ಹತ್ತು ಸಲ ಆಯಿತೇನೋ. ಯಾರೂ ಹೇಳಿರಲಿಲ್ಲ. ಮುಂದಿನ ಸಲ ಹೋದಾಗ ಅವನ ಅವ್ವ ನಗುತ್ತ ಹೇಳಿದರು: "ಆ ಗ-ನೂ ಎತ್ತಿನ ಜೋಡಿ ಜಗಲಿ ಮ್ಯಾಲ ಇಡಿಸಿದಾರಿ. ಅದಕ್ಕೂ ಕುಂಕುಮ ಹಚ್ಚಬೇಕಾತು."

ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ವರ್ಣಮಾಲೆಯಲ್ಲಿ 49 ಅಕ್ಷರ. ಅ-ದಿಂದಲೇ ಶುರು ಮಾಡಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ. ಸರ್ಕಾರಿ ಶಾಲೆಯ ಸಣ್ಣ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಗುರುತು ಸಿಕ್ಕರೆ ಸರ, ಅರಸ, ಗರಗಸ ಓದಬಹುದು. ಋ ಹಿಡಿದು ಯಾಕೆ ಅಳಿಸುತ್ತೀರಿ? ಬ ಮತ್ತು ಭ, ದ ಮತ್ತು ಧ ಒಂದೇ ದಿನ ತೋರಿಸಲೂ ಬೇಡಿ.

ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಬಡವರ ಮಕ್ಕಳಿಗೆ ಶಾಲೆ ತೆರೆದರು. ಒರಟು ಕಾಗದದಲ್ಲಿ ಅಕ್ಷರ ಕತ್ತರಿಸಿ, ಅಂಟಿಸಿ, ಅದರ ಮೇಲೆ ಮಕ್ಕಳ ಬೆರಳು ಆಡಿಸಿದರು. ಮೊದಲು ಬೆರಳು! ನಿಮ್ಮೂರ ಬಡಿಗೇರ ಹತ್ತಿರ ಕಟ್ಟಿಗೆ ಉಜ್ಜುವ ಪಾಲಿಶ್ ಪೇಪರ್ ಇರುತ್ತದಲ್ಲ, ಅಂಥದ್ದೇ. ಒಂದು ಹಾಳೆ ಇಸಿದುಕೊಳ್ಳಿ. ಅದೂ ಆಗದಿದ್ದರೆ ಪರಾತದಲ್ಲಿ ಒಂದು ಹಿಡಿ ಜೋಳದ ಹಿಟ್ಟು ಹರಡಿ. ಬೆರಳಲ್ಲಿ ಬರೆಯಲಿ, ಬಾಯಲ್ಲಿ ಹೇಳಲಿ, ಅಳಿಸಲಿ. ಎಡಗೈಯಲ್ಲಿ ಬರೆದರೆ ದಯವಿಟ್ಟು ಕೈಗೆ ಹೊಡೆಯಬೇಡಿ. ಇದನ್ನು ಎಷ್ಟು ವರ್ಷ ಹೇಳಬೇಕೋ ನಾನು.

"ಹಂಗಾರ ಪೆನ್ಸಿಲ್ ಯಾವಾಗ್ರಿ?" ಅಂತೀರಿ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನಾ? ಕೂತು ಶೇಂಗಾ ಸುಲಿಯುತ್ತಾಳಾ? ಆಗ ಕೊಡಿ. ಅದೂ ಮೊದಲು ಬಳಪ, ಒಂದು ಇಂಚಿನ ತುಂಡು. ಅಷ್ಟು ಗಿಡ್ಡದ್ದನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲು ಆಗುವುದಿಲ್ಲ, ಮೂರು ಬೆರಳು ತಾವಾಗಿಯೇ ಕೂಡುತ್ತವೆ. ಮನೆಯಲ್ಲಿ ಮುರಿದ ಬಳಪ ಬಿದ್ದಿದ್ದರೆ ಕಸದ ಜೊತೆ ಗುಡಿಸಬೇಡಿ, ಎತ್ತಿಡಿ. ನಮಸ್ಕಾರ.