ಬಾಯಿ ಮೂರನೇ ಚರಣದಲ್ಲಿ, ಮನಸ್ಸು ಎಲ್ಲೋ

ಕೇಳುಗರಿಗೆ ನಮಸ್ಕಾರ.

ಹೋದ ಭಾನುವಾರ ಆರಾಧನೆಯಲ್ಲಿ ಹಾಡುತ್ತಿದ್ದೆ. ನಾಲ್ಕು ಚರಣದ ಹಾಡು. ಚಿಕ್ಕಂದಿನಿಂದ ಬಾಯಿಪಾಠ. ಮೂರನೇ ಚರಣ ಮುಗಿಯುವ ಹೊತ್ತಿಗೆ ತಟ್ಟನೆ ಎಚ್ಚರವಾಯಿತು. ಎರಡನೇ ಚರಣ ಹಾಡಿದ್ದು ನೆನಪೇ ಇಲ್ಲ! ಹಾಡಿದ್ದಂತೂ ನಿಜ. ಶ್ರುತಿ ತಪ್ಪಿರಲಿಲ್ಲ, ತಾಳವೂ ತಪ್ಪಿರಲಿಲ್ಲ. ಆದರೆ ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇವತ್ತು ಕೀಬೋರ್ಡ್ ಯಾಕೆ ಇಷ್ಟು ಜೋರಾಗಿದೆ? ಸೌಂಡ್ ನೋಡಿಕೊಳ್ಳುವ ಹುಡುಗ ನಿದ್ದೆ ಮಾಡುತ್ತಿದ್ದಾನಾ? ಬಾಯಿ ದೇವರನ್ನು ಹೊಗಳುತ್ತಲೇ ಇತ್ತು. ನಾನು ಮಾತ್ರ ಆ ಹುಡುಗನನ್ನು ಬೈಯುತ್ತಿದ್ದೆ.

ನಿಮಗೂ ಹೀಗೆ ಆಗಿರುತ್ತದೆ, ಅಲ್ವಾ?

ಮನೆ, ಕೆಲಸ, ಸಾಲ, ಮಕ್ಕಳ ಪರೀಕ್ಷೆ, ಜೇಬಿನಲ್ಲಿ ಗುಂಯ್ ಅನ್ನುವ ಫೋನು, ಇವೆಲ್ಲ ಆರಾಧನೆಗೆ ಅಡ್ಡಿ ಅಂತ ಎಲ್ಲರಿಗೂ ಗೊತ್ತು. ಫೋನಿಗೆ ಮದ್ದು ಸುಲಭ, ಆಫ್ ಮಾಡಿ. ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ. ನನಗೆ ಜಾಸ್ತಿ ಭಯ ಚರ್ಚಿನ ಒಳಗಿನ ಸಂಗತಿಗಳದ್ದೇ. ಕ್ವಾಯರ್, ಮೈಕು, ಹೂವಿನ ಅಲಂಕಾರ, ಗುರುಗಳ ಪ್ರಸಂಗ ಎಷ್ಟು ಉದ್ದವಾಯಿತು, ವಾಕ್ಯ ಓದಿದವರು ಯಾವ ಹೆಸರನ್ನು ತಪ್ಪಾಗಿ ಹೇಳಿದರು. ಇವೆಲ್ಲ ದೇವರ ಪಕ್ಕದಲ್ಲೇ ಇರುವಂಥವು. ಅದಕ್ಕೇ ಮನಸ್ಸು ಅಲ್ಲಿ ಹೋಗಿ ಕೂತರೂ ದೇವರ ಹತ್ತಿರವೇ ಇದ್ದೇವೆ ಅನ್ನಿಸಿಬಿಡುತ್ತದೆ. ಸಾಲದ ಚಿಂತೆ ಬಂದರೆ, ಅಯ್ಯೋ, ಚರ್ಚಿನಲ್ಲಿ ಕೂತು ಇದೇನು ಯೋಚನೆ ಅಂತ ನಾಚಿಕೆಯಾಗುತ್ತದೆ. ಕೀಬೋರ್ಡಿನ ಚಿಂತೆಗೆ ಆ ನಾಚಿಕೆಯೂ ಇಲ್ಲ.

ಲೂಕನ ಸುವಾರ್ತೆಯ 10ನೇ ಅಧ್ಯಾಯದ ಮಾರ್ಥಳನ್ನು ನೋಡಿ. ಅವಳು ಮಾಡುತ್ತಿದ್ದದ್ದು ಕೆಟ್ಟ ಕೆಲಸವೇನೂ ಅಲ್ಲ. ಯೇಸುಸ್ವಾಮಿ ಮನೆಗೆ ಬಂದಿದ್ದಾರೆ, ಅವರಿಗಾಗಿಯೇ ಓಡಾಡುತ್ತಿದ್ದಾಳೆ. ಓಡಾಡುತ್ತಾ ಓಡಾಡುತ್ತಾ ಅವಳ ಕಣ್ಣು ಯೇಸುವನ್ನು ಬಿಟ್ಟು ಸುಮ್ಮನೆ ಕೂತಿದ್ದ ಸೋದರಿ ಮರಿಯಳ ಮೇಲೆ ಬಿತ್ತು. ನನ್ನೊಬ್ಬಳ ಮೇಲೇ ಕೆಲಸ ಬಿಟ್ಟಿದ್ದಾಳಲ್ಲ, ನಿಮಗೆ ಏನೂ ಅನ್ನಿಸುವುದಿಲ್ಲವೇ ಅಂತ ದೂರು ಶುರುವಾಯಿತು. ದೂರು ಯಾರ ಮುಂದೆ, ನೋಡಿ! ಸೌಂಡ್ ಹುಡುಗನ ಮೇಲೆ ನಾನು ಸಿಡುಕಿದ್ದೂ ಇದೇ ತರಹದ್ದು.

ಹಾಡಿನ ವಿಷಯದಲ್ಲಿ ಸಂತ ಅಗಸ್ಟೀನರು ಪಟ್ಟ ಪಾಡು ನನಗೆ ಯಾವಾಗಲೂ ನೆನಪಾಗುತ್ತದೆ. 387ರಲ್ಲಿ ಮಿಲಾನ್ ನಗರದಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. ಆ ದಿನಗಳಲ್ಲಿ ಸಭೆಯ ಹಾಡು ಕೇಳಿ ಕಣ್ಣೀರು ಹಾಕಿದವರು ಅವರು. ಮುಂದೆ ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ ಬಿಷಪ್ ಆದರು. ಆಗ ಬರೆದ ಆತ್ಮಕಥೆಯಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಹಾಡಿನ ಮಾತಿಗಿಂತ ಹಾಡುವ ದನಿಯೇ ತಮ್ಮನ್ನು ಹೆಚ್ಚು ಸೆಳೆದರೆ ಅದು ಪಾಪ, ಅಂಥ ಹೊತ್ತಿನಲ್ಲಿ ಹಾಡು ಕೇಳದಿದ್ದರೇ ಒಳ್ಳೆಯದು ಅನ್ನಿಸುತ್ತದಂತೆ. ರಾಗವನ್ನೇ ಸಭೆಯಿಂದ ತೆಗೆದುಬಿಟ್ಟರೆ ಹೇಗೆ ಅನ್ನುವವರೆಗೂ ಯೋಚನೆ ಹೋಯಿತು. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯುಸರು ಕೀರ್ತನೆಗಳನ್ನು ಹೇಳಿಸುವಾಗ ಏರಿಳಿತ ತೀರಾ ಕಡಿಮೆ ಮಾಡಿಸುತ್ತಿದ್ದರು, ಕೇಳಿದರೆ ಹಾಡಿಗಿಂತ ಮಾತು ಅನ್ನಿಸಬೇಕು, ಹಾಗೆ. ಅದೇ ಕ್ಷೇಮ ಅಂತ ಅಗಸ್ಟೀನರಿಗೆ ಅನ್ನಿಸಿತು. ಅಷ್ಟರಲ್ಲಿ ತಮ್ಮ ಹಳೆಯ ಕಣ್ಣೀರು ನೆನಪಿಗೆ ಬಂತು. ಸರಿ, ಹಾಡು ಇರಲಿ ಅಂದರು. ಅಂದಮೇಲೂ ಪೂರ್ತಿ ನೆಮ್ಮದಿಯಾದ ಹಾಗೆ ಕಾಣುವುದಿಲ್ಲ.

ಹಾಡು ನಿಲ್ಲಿಸಿದರೆ ಮನಸ್ಸು ನಿಲ್ಲುತ್ತದೆ ಅಂತ ನಾನೂ ನಂಬುವುದಿಲ್ಲ. ಕವಿ ಜಾನ್ ಡನ್, ಲಂಡನ್ನಿನ ಸೇಂಟ್ ಪಾಲ್ಸ್ ದೇವಾಲಯದ ಮುಖ್ಯ ಗುರುವಾಗಿದ್ದವರು, 1626ರಲ್ಲಿ ಮಾಡಿದ ಒಂದು ಪ್ರಸಂಗದಲ್ಲಿ ತಮ್ಮ ಪ್ರಾರ್ಥನೆಯ ಗುಟ್ಟನ್ನು ಬಿಚ್ಚಿಟ್ಟರು. ಕೋಣೆಯೊಳಗೆ ಹೋಗಿ ಮಂಡಿಯೂರಿ ದೇವರನ್ನೂ ದೇವದೂತರನ್ನೂ ಕರೆಯುತ್ತಾರಂತೆ. ಅವರು ಬಂದಮೇಲೆ ಒಂದು ನೊಣದ ಸದ್ದಿಗೆ, ಬಾಗಿಲು ಕಿರ್ರ್ ಅಂದದ್ದಕ್ಕೆ ಅವರನ್ನೇ ಮರೆಯುತ್ತಾರಂತೆ. ಅಲ್ಲಿ ಕ್ವಾಯರೂ ಇಲ್ಲ, ಕೀಬೋರ್ಡೂ ಇಲ್ಲ. ಒಂದು ನೊಣ ಸಾಕಾಯಿತು.

ಇನ್ನೂ ಹಿಂದಿನ ಮಾತು ಒಂದಿದೆ. ಅನೇಕ ಸಭೆಗಳಲ್ಲಿ ಪ್ರಭುವಿನ ಭೋಜನಕ್ಕೆ ಮುಂಚೆ ಗುರುಗಳು 'ನಿಮ್ಮ ಹೃದಯಗಳನ್ನು ಮೇಲಕ್ಕೆತ್ತಿರಿ' ಅನ್ನುತ್ತಾರೆ. 'ಕರ್ತನ ಕಡೆಗೆ ಎತ್ತಿದ್ದೇವೆ' ಅಂತ ನಾವು ಉತ್ತರ ಕೊಡುತ್ತೇವೆ. ಎಷ್ಟು ಸಲ ಎತ್ತದೆಯೇ ಎತ್ತಿದ್ದೇವೆ ಅಂದಿದ್ದೇನೋ, ಲೆಕ್ಕವಿಲ್ಲ. ಈ ಮಾತು 3ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಕಾರ್ಥೇಜಿನ ಬಿಷಪ್ ಸಿಪ್ರಿಯಾನರು ಅದು ಯಾಕೆ ಅಂತಲೂ ಬರೆದಿದ್ದಾರೆ. ಪ್ರಾರ್ಥನೆಗೆ ನಿಂತಾಗ ಕರ್ತನನ್ನು ಬಿಟ್ಟು ಬೇರೇನೂ ಯೋಚಿಸಬಾರದು ಅಂತ ಜನರಿಗೆ ನೆನಪಿಸಲು. ನೀನು ಹೇಳುವುದು ನಿನಗೇ ಕೇಳಿಸದಿದ್ದರೆ ದೇವರು ಕೇಳಲಿ ಅಂತ ಹೇಗೆ ಬೇಡುತ್ತೀಯ ಅಂತಲೂ ಕೇಳಿದ್ದಾರೆ.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಸಿಪ್ರಿಯಾನರನ್ನೇ 258ರಲ್ಲಿ ಶಿರಚ್ಛೇದ ಮಾಡಿದರು. ಕ್ರೈಸ್ತರಾಗಿರುವುದೇ ಅಪಾಯವಾಗಿದ್ದ ದಿನಗಳು ಅವು. ಅಂಥ ದಿನಗಳಲ್ಲಿ ಪ್ರಾರ್ಥನೆಗೆ ಬಂದು ನಿಂತವರಿಗೂ, ಮನಸ್ಸನ್ನು ಇಲ್ಲಿಗೆ ತನ್ನಿ ಅಂತ ಹೇಳಬೇಕಾಗಿತ್ತು. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನವಾಯಿತೋ! ಮನಸ್ಸು ಅಲೆಯುವುದು ಸುಖದ ಕಾಲದ ರೋಗ ಅಂದುಕೊಂಡಿದ್ದೆ.

ನಾನು ಮಾಡುವುದು ಎರಡು ಸಣ್ಣ ಕೆಲಸ. ಭಾನುವಾರದ ಹಾಡುಗಳು ಮೊದಲೇ ಗೊತ್ತಿದ್ದರೆ ಶನಿವಾರ ರಾತ್ರಿ ಅವನ್ನು ರಾಗವಿಲ್ಲದೆ ಓದುತ್ತೇನೆ, ಬಂದ ಕಾಗದ ಓದಿದ ಹಾಗೆ. ರಾಗ ಇಲ್ಲದಾಗ ಮಾತು ಎದ್ದು ಕಾಣುತ್ತದೆ. ಎಷ್ಟೋ ವರ್ಷ ಹಾಡಿದ ಸಾಲಿನ ಅರ್ಥ ಆಗ ಹೊಳೆದದ್ದೂ ಇದೆ. ಇನ್ನೊಂದು, ಹಾಡಿನಲ್ಲಿ 'ನೀನು', 'ನಿನ್ನ' ಅಂತ ಬರುವ ಜಾಗಗಳನ್ನು ನೋಡಿಕೊಳ್ಳುತ್ತೇನೆ. 'ಆತನು' ಅನ್ನುವಾಗ ದೇವರ ಬಗ್ಗೆ ಮಾತಾಡುತ್ತಿರುತ್ತೇವೆ. 'ನೀನು' ಅಂದ ತಕ್ಷಣ ಮಾತು ಮುಖಾಮುಖಿ. ಎದುರಿಗೆ ನಿಂತವರನ್ನು ನೀನು ಅಂತ ಕರೆದು ಮುಖ ಬೇರೆ ಕಡೆ ತಿರುಗಿಸಲು ಆಗುತ್ತದೆಯೇ? ಆ ಮಾತು ಬಂದಲ್ಲಿ ನಾನು ಎಲ್ಲಿದ್ದರೂ ಒಮ್ಮೆ ತಿರುಗಿ ಬರುತ್ತೇನೆ.

ತಿರುಗಿ ಬಂದಾಗ ಒಂದು ಹೊಂಡ ಇದೆ. ಛೆ, ಮತ್ತೆ ಹೀಗಾಯಿತಲ್ಲ, ನಾನೆಂಥವನು ಅಂತ ನಮ್ಮನ್ನು ನಾವೇ ಬೈದುಕೊಳ್ಳಲು ಶುರು ಮಾಡುತ್ತೇವೆ. ಅಷ್ಟರಲ್ಲಿ ನಾಲ್ಕನೇ ಚರಣವೂ ಹೋಗಿರುತ್ತದೆ. ಮೊದಲು ಸೌಂಡ್ ಹುಡುಗನ ಯೋಚನೆ, ಈಗ ನನ್ನದೇ ಯೋಚನೆ. ಹೋದ ಚರಣ ಹೋಯಿತು, ಬಿಡಿ. ಈಗ ಬಾಯಲ್ಲಿರುವ ಪದ ಯಾವುದು, ಅಲ್ಲಿಂದ ಹಿಡಿಯಬೇಕು ಅಷ್ಟೇ.

ನಮ್ಮ ಸಭೆಯಲ್ಲಿ ನನ್ನ ಹಿಂದಿನ ಸಾಲಿನಲ್ಲಿ ವಯಸ್ಸಾದ ಒಬ್ಬರು ಅಮ್ಮ ಕೂರುತ್ತಾರೆ. ಕರ್ತನ ಪ್ರಾರ್ಥನೆಯನ್ನು ಅವರು ನಮ್ಮ ವೇಗಕ್ಕೆ ಹೇಳುವುದಿಲ್ಲ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂದಮೇಲೆ ಅಲ್ಲೇ ಸ್ವಲ್ಪ ನಿಲ್ಲುತ್ತಾರೆ. ನಾವು ಆಗಲೇ ಮುಂದೆ ಹೋಗಿರುತ್ತೇವೆ. ಎಲ್ಲರ ದನಿಗೆ ಸೇರದ ಅವರ ದನಿ ಕೇಳಿ ಮೊದಮೊದಲು ನನಗೆ ಕಿರಿಕಿರಿ ಆಗುತ್ತಿತ್ತು. ಈಗ ನಾನು ಬೇಕೆಂದೇ ಅದಕ್ಕೆ ಕಿವಿ ಕೊಡುತ್ತೇನೆ. ನಾವೆಲ್ಲ ಆಮೆನ್ ಅಂದು ಕೂತುಬಿಟ್ಟಿರುತ್ತೇವೆ, ಬೆಂಚುಗಳ ಸದ್ದು ನಿಲ್ಲುತ್ತದೆ, ಆಮೇಲೆ ಹಿಂದಿನಿಂದ ಅವರ ಆಮೆನ್ ಬರುತ್ತದೆ.

ನಮಸ್ಕಾರ.