ಜನ ಮೊದಲು ತಿರುಗಿದರು

ಕೇಳುಗರಿಗೆ ನಮಸ್ಕಾರ. ಒಂದು ದೇಶದ ವಿದೇಶಾಂಗ ನೀತಿಯನ್ನು ಬದಲಿಸುವವರು ಯಾರು? ಮಂತ್ರಿಗಳು, ರಾಯಭಾರಿಗಳು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಫಿನ್ಲೆಂಡಿನಲ್ಲಿ ಆದದ್ದೇ ಬೇರೆ. ಯುರೋಪ್ ಮತ್ತು ಉತ್ತರ ಅಮೆರಿಕದ ದೇಶಗಳ ಮಿಲಿಟರಿ ಕೂಟವಾದ ನ್ಯಾಟೋ ಕಡೆಗೆ ಅಲ್ಲಿ ಜನ ಮೊದಲು ತಿರುಗಿದರು, ಸರ್ಕಾರ ಅವರ ಹಿಂದೆ ಬಂತು.

ಸುಮಾರು 55 ಲಕ್ಷ ಜನರ ಈ ದೇಶಕ್ಕೆ ರಷ್ಯಾ ಜೊತೆ 1,340 ಕಿಲೋಮೀಟರ್ ಗಡಿ. 1939ರ ನವೆಂಬರ್‌ನಲ್ಲಿ ಸೋವಿಯತ್ ಸೇನೆ ಇಲ್ಲಿಂದಲೇ ಒಳನುಗ್ಗಿತ್ತು. ಮುಂದಿನ ಮಾರ್ಚ್‌ನಲ್ಲಿ ಯುದ್ಧ ನಿಂತಾಗ ಫಿನ್ಲೆಂಡಿನ ಪೂರ್ವ ಗಡಿಯ ಕರೇಲಿಯಾ ಪ್ರಾಂತ್ಯದ ಬಹುಭಾಗ ಕೈತಪ್ಪಿತ್ತು, ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಮನೆಮಠ ಬಿಟ್ಟು ಬಂದಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಫಿನ್ಲೆಂಡ್ ಒಂದೇ ದಾರಿ ಹಿಡಿಯಿತು. ಮಿಲಿಟರಿ ಕೂಟ ಬೇಡ, ಪಕ್ಕದವರನ್ನು ಕೆಣಕುವುದೂ ಬೇಡ. ಆದರೆ ಗಂಡುಮಕ್ಕಳ ಕಡ್ಡಾಯ ಸೈನಿಕ ತರಬೇತಿಯನ್ನು ಮಾತ್ರ ಬಿಡಲಿಲ್ಲ.

2022ರ ಜನವರಿಯಲ್ಲೂ ಪ್ರಧಾನಿ ಸನ್ನಾ ಮರಿನ್, ತಮ್ಮ ಅವಧಿಯಲ್ಲಿ ನ್ಯಾಟೋಗೆ ಅರ್ಜಿ ಹಾಕುವುದು ಬಹಳ ಅನುಮಾನ ಅಂದಿದ್ದರು. ಫೆಬ್ರವರಿ 24ಕ್ಕೆ ಉಕ್ರೇನ್ ಮೇಲೆ ರಷ್ಯಾದ ದಾಳಿ ಶುರುವಾಯಿತು. ನ್ಯಾಟೋ ಬೇಕು ಅನ್ನುವವರು ವರ್ಷಗಟ್ಟಲೆ ನೂರಕ್ಕೆ ಇಪ್ಪತ್ತು, ಇಪ್ಪತ್ತೈದರ ಆಸುಪಾಸಿನಲ್ಲೇ ಇದ್ದರು. ವಾರದೊಳಗೆ 53 ಆಯಿತು. ಮೇ ಹೊತ್ತಿಗೆ 76! ನೋಡಿ, ಜನ ಮೊದಲು ತಿರುಗಿದರು.

ನನಗೆ ತುಂಬಾ ಇಷ್ಟವಾದ ಪ್ರಸಂಗವೊಂದಿದೆ, ಅದನ್ನು ಹೇಳಲೇಬೇಕು. ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ಸೌಲಿ ನಿನಿಸ್ಟೊ. ಪುಟಿನ್ ಜೊತೆ ಹತ್ತು ವರ್ಷದಿಂದ ಮಾತುಕತೆ ಇಟ್ಟುಕೊಂಡಿದ್ದ ಮನುಷ್ಯ. ನ್ಯಾಟೋ ಸೇರಿದರೆ ರಷ್ಯಾಗೆ ಏನು ಉತ್ತರ ಕೊಡುತ್ತೀರಿ ಅಂತ ಪತ್ರಕರ್ತರು ಕೇಳಿದಾಗ, ಇದಕ್ಕೆ ಕಾರಣ ನೀವೇ, ಕನ್ನಡಿ ನೋಡಿಕೊಳ್ಳಿ ಅಂದುಬಿಟ್ಟರು. ಮೂರು ದಿನ ಬಿಟ್ಟು, ಮೇ 14ರಂದು, ಪುಟಿನ್‌ಗೆ ಫೋನ್ ಮಾಡಿದ್ದೂ ನಿನಿಸ್ಟೊ ಅವರೇ. ಸುತ್ತುಬಳಸು ಇಲ್ಲ, ಬೈಗುಳವೂ ಇಲ್ಲ. ನಾವು ಅರ್ಜಿ ಹಾಕುತ್ತೇವೆ ಅಂತ ನೇರವಾಗಿ ಹೇಳಿದರು. ಪುಟಿನ್, ಇದು ತಪ್ಪು, ನಿಮಗೆ ನಮ್ಮಿಂದ ಅಪಾಯವೇ ಇಲ್ಲ ಅಂದರು. ಬೆನ್ನ ಹಿಂದೆ ಮಾಡದೆ ಎದುರಿಗೇ ಹೇಳುವ ಈ ಧೈರ್ಯ ಎಲ್ಲಿಂದ ಬಂತು? ನೂರಕ್ಕೆ 76 ಮಂದಿ ಬೆನ್ನಿಗಿದ್ದರಲ್ವಾ!

ಅಮೆರಿಕವೇ ಅವರನ್ನು ಎಳೆದುಕೊಂಡು ಹೋಯಿತು ಅಂತ ಸುಮ್ನೆ ಹೇಳುವವರು ಇನ್ನೂ ಇದ್ದಾರೆ. ದಯವಿಟ್ಟು ನ್ಯಾಟೋ ಅರ್ಜಿಯ ಬಗ್ಗೆ ಫಿನ್ಲೆಂಡ್ ಸಂಸತ್ತಿನಲ್ಲಿ ನಡೆದ ಮತದಾನವನ್ನು ನೋಡಿ: ಪರವಾಗಿ 188, ವಿರುದ್ಧ 8.

ಸಮಯ ಮುಗಿಯುತ್ತಾ ಬಂತು. ನ್ಯಾಟೋ ಸದಸ್ಯರಾದ ಟರ್ಕಿ, ಹಂಗೇರಿ ಒಪ್ಪಿಗೆ ಕೊಡಲು ತಡ ಮಾಡಿದ್ದು ಬೇರೆಯೇ ಕಥೆ. 2023ರ ಏಪ್ರಿಲ್ 4ರಂದು ಫಿನ್ಲೆಂಡ್ ಒಳಗೆ ಬಂತು, ರಷ್ಯಾ ಜೊತೆಗಿನ ನ್ಯಾಟೋ ಗಡಿ ದುಪ್ಪಟ್ಟಾಯಿತು. ಇನ್ನೂರು ವರ್ಷ ಯಾವ ಯುದ್ಧಕ್ಕೂ ಇಳಿಯದ ಸ್ವೀಡನ್ ಕೂಡ 2024ರ ಮಾರ್ಚ್‌ನಲ್ಲಿ ಸೇರಿತು. ಅಲ್ಲಿಯೂ ಜನರೇ ಮೊದಲು ತಿರುಗಿದ್ದು. ನಮಸ್ಕಾರ.