ಹತ್ತು ಅರಸರು, ಒಂದು ಕಂಬ: ಅಟ್ಲಾಂಟಿಸಿನ ದೇವರಾಜ್ಯ

ಕೇಳುಗರಿಗೆ ನಮಸ್ಕಾರ.

ಕಡಲಲ್ಲಿ ಮುಳುಗಿಹೋಯಿತೆನ್ನುವ ದ್ವೀಪರಾಜ್ಯ ಅಟ್ಲಾಂಟಿಸ್ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು, ಅದು ಮುಳುಗಿದ್ದು ಎಲ್ಲಿ ಎಂದು. ಇವತ್ತು ಆ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಆ ರಾಜ್ಯವನ್ನು ಕಟ್ಟಿದ್ದು ಹೇಗೆ, ಅಳೆದದ್ದು ಹೇಗೆ, ದೇವರ ಮಕ್ಕಳು ಅದನ್ನು ಆಳಿದ್ದು ಯಾವ ಕಟ್ಟಳೆಯಲ್ಲಿ, ಕೆಟ್ಟದ್ದು ಎಲ್ಲಿ, ಇದನ್ನು ನೋಡೋಣ. ಕಥೆಯ ಜೀವ ಇರುವುದು ಅಲ್ಲೇ.

ಮೊದಲು ಮೂಲದ ಮಾತು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೊ ಕ್ರಿ.ಪೂ. 360ರ ಆಸುಪಾಸಿನಲ್ಲಿ ಬರೆದ ‘ಟಿಮೇಯಸ್’ ಮತ್ತು ‘ಕ್ರಿಟಿಯಾಸ್’ ಎಂಬ ಎರಡು ಸಂವಾದಗಳಲ್ಲಿ ಈ ದ್ವೀಪ ಬರುತ್ತದೆ. ಅವನಿಗಿಂತ ಹಿಂದಿನ, ಇಂದಿಗೆ ಉಳಿದುಬಂದಿರುವ ಯಾವ ಗ್ರೀಕ್ ಬರಹದಲ್ಲೂ ಈ ಕಥೆ ಇಲ್ಲ. ದ್ವಾರಕೆ ಸಮುದ್ರದ ಪಾಲಾದದ್ದನ್ನು ನಾವು ಮಹಾಭಾರತದಲ್ಲೂ ಪುರಾಣಗಳಲ್ಲೂ ಬೇರೆಬೇರೆ ಬಾಯಲ್ಲಿ ಕೇಳಿದ್ದೇವೆ. ಅಟ್ಲಾಂಟಿಸಿಗೆ ಇರುವುದು ಒಂದೇ ಬಾಯಿ. ಅಥೆನ್ಸಿನ ಹಳೆಯ ಶಾಸನಕರ್ತ ಸೋಲನ್ ಈಜಿಪ್ಟಿನ ಸಾಯಿಸ್ ಊರಿನ ಅರ್ಚಕರಿಂದ ಇದನ್ನು ಕೇಳಿದ, ಅವನ ಕಾಲಕ್ಕೂ 9000 ವರ್ಷ ಹಿಂದಿನ ಸಂಗತಿ ಇದು, ತನ್ನ ಮನೆತನದಲ್ಲಿ ಬಾಯಿಂದ ಬಾಯಿಗೆ ಇಳಿದು ಬಂತು ಎಂದು ಸಂವಾದದಲ್ಲಿ ಮಾತಾಡುವ ಕ್ರಿಟಿಯಾಸ್ ಎಂಬವನು ಹೇಳುತ್ತಾನೆ. ಹಾಗಾಗಿ ನಾನು ‘ಇತ್ತು’ ಎಂದಾಗಲೆಲ್ಲ ‘ಪ್ಲೇಟೊ ಬರೆದಂತೆ ಇತ್ತು’ ಎಂದೇ ತಿಳಿಯಬೇಕು.

ದೇವರುಗಳು ಭೂಮಿಯನ್ನು ಪಾಲು ಹಂಚಿಕೊಂಡಾಗ ಸಮುದ್ರದ ದೇವರು ಪೊಸೈಡನ್‌ಗೆ ಈ ದ್ವೀಪ ಬಂತು. ದ್ವೀಪದ ಉದ್ದದ ನಡುಮಧ್ಯಕ್ಕೆ, ಕಡಲಿಗೆ ಹತ್ತಿರ ಒಂದು ಬಯಲು. ಅಲ್ಲೊಂದು ತಗ್ಗಾದ ಗುಡ್ಡ. ಗುಡ್ಡದ ಮೇಲೆ ಮಣ್ಣಿನಿಂದಲೇ ಹುಟ್ಟಿದವನೆಂಬ ಎವೆನೋರ್, ಅವನ ಹೆಂಡತಿ ಲ್ಯೂಕಿಪ್ಪೆ, ಒಬ್ಬಳೇ ಮಗಳು ಕ್ಲೈಟೊ. ಮಗಳು ಮದುವೆಯ ವಯಸ್ಸಿಗೆ ಬರುವಾಗ ತಂದೆತಾಯಿ ಇಬ್ಬರೂ ತೀರಿಕೊಂಡರು. ಪೊಸೈಡನ್ ಆಕೆಯನ್ನು ಮೆಚ್ಚಿ ಕೂಡಿಕೊಂಡ. ಆಕೆಯ ಗುಡ್ಡದ ಸುತ್ತ ನೀರಿನ ಮೂರು ಉಂಗುರ, ನೆಲದ ಎರಡು ಉಂಗುರ ಕೊರೆದ. ಮರ ಕಡೆಯುವವನು ಕಡೆದ ಹಾಗೆ, ಎಲ್ಲ ಕಡೆಯೂ ನಡುವಿನಿಂದ ಸಮದೂರ. ಆಗಿನ್ನೂ ಹಡಗೂ ಇಲ್ಲ, ಹಡಗು ನಡೆಸುವ ವಿದ್ಯೆಯೂ ಇಲ್ಲ. ಆದ್ದರಿಂದ ಮನುಷ್ಯರು ಯಾರೂ ದಾಟಲಾರರು. ನಡುಗಡ್ಡೆಯಲ್ಲಿ ಎರಡು ಊಟೆ ಎಬ್ಬಿಸಿದ, ಒಂದು ಬಿಸಿನೀರಿನದು, ಇನ್ನೊಂದು ತಣ್ಣೀರಿನದು.

ಐದು ಸಲ ಅವಳಿ ಗಂಡುಮಕ್ಕಳು, ಒಟ್ಟು ಹತ್ತು. ದ್ವೀಪವೂ ಹತ್ತು ಪಾಲಾಯಿತು. ಚೊಚ್ಚಲ ಜೋಡಿಯ ಹಿರಿಯ ಅಟ್ಲಾಸ್‌ಗೆ ತಾಯಿಯ ಮನೆ ಮತ್ತು ಸುತ್ತಲಿನ ಅತಿ ದೊಡ್ಡ ಪಾಲು ಸಿಕ್ಕಿತು. ಉಳಿದ ಒಂಬತ್ತು ಜನರ ಮೇಲೆ ಅವನೇ ಅರಸ. ಆಕಾಶ ಹೊತ್ತು ನಿಂತ ಟೈಟನ್ ಅಟ್ಲಾಸ್ ಬೇರೆ, ಇವನು ಬೇರೆ. ಇಬ್ಬರನ್ನೂ ಬೆರೆಸಿ ಹೇಳುವುದು ತೀರಾ ಸಾಮಾನ್ಯವಾದ ತಪ್ಪು. ದ್ವೀಪಕ್ಕೂ ಅಟ್ಲಾಂಟಿಕ್ ಸಾಗರಕ್ಕೂ ಹೆಸರು ಬಂದದ್ದು ಈ ಮಗನಿಂದ ಎನ್ನುತ್ತಾನೆ ಪ್ಲೇಟೊ. ಅವಳಿ ತಮ್ಮ ಗಾಡೈರಸ್‌ಗೆ ಹೆರಾಕ್ಲಿಸನ ಕಂಬಗಳ ಕಡೆಯ, ಅಂದರೆ ಇಂದಿನ ಜಿಬ್ರಾಲ್ಟರ್ ಕಡೆಯ ತುದಿ ಬಂತು.

ಈಗ ಒಂದು ಹಾಳೆ, ಪೆನ್ಸಿಲು, ಕೈವಾರ ಹತ್ತಿರವಿದ್ದರೆ ತೆಗೆದುಕೊಳ್ಳಿ. ಈ ನಗರವನ್ನು ಬರೆದು ನೋಡಿದರೇ ಅರ್ಥವಾಗುವುದು. ಪ್ಲೇಟೊ ಬಳಸುವ ಅಳತೆ ಸ್ಟೇಡಿಯನ್. ಒಂದು ಸ್ಟೇಡಿಯನ್ನಿಗೆ 600 ಗ್ರೀಕ್ ಅಡಿ, ನಮ್ಮ ಲೆಕ್ಕಕ್ಕೆ ಸುಮಾರು 178 ಮೀಟರ್. ಹಿರಿಯರಿಗೆ ಹೇಳುವುದಾದರೆ ಫರ್ಲಾಂಗಿಗಿಂತ ಸ್ವಲ್ಪ ಕಡಿಮೆ. ಹಾಳೆಯ ಮೇಲೆ ಒಂದು ಸ್ಟೇಡಿಯನ್ನಿಗೆ ಅರ್ಧ ಸೆಂಟಿಮೀಟರ್ ಇಟ್ಟುಕೊಳ್ಳೋಣ.

ನಡುಗಡ್ಡೆಯ ಅಡ್ಡಳತೆ 5 ಸ್ಟೇಡಿಯನ್. ಇದು ವ್ಯಾಸ, ತ್ರಿಜ್ಯವಲ್ಲ. ಇಲ್ಲಿ ಎಡವಿದರೆ ಮುಂದಿನದೆಲ್ಲ ಕೆಡುತ್ತದೆ. ಕೈವಾರವನ್ನು ಒಂದೂಕಾಲು ಸೆಂಟಿಮೀಟರಿಗೆ ಬಿಡಿಸಿ ಮೊದಲ ವೃತ್ತ ಎಳೆಯಿರಿ. ಅದರ ಹೊರಗೆ 1 ಸ್ಟೇಡಿಯನ್ ಅಗಲದ ನೀರು, ಕೈವಾರ 1.75ಕ್ಕೆ. ಆಮೇಲೆ 2 ಸ್ಟೇಡಿಯನ್ ನೆಲ, 2.75. ಮತ್ತೆ 2 ಸ್ಟೇಡಿಯನ್ ನೀರು, 3.75. ಬಳಿಕ 3 ಸ್ಟೇಡಿಯನ್ ನೆಲ, 5.25. ಕೊನೆಗೆ 3 ಸ್ಟೇಡಿಯನ್ ನೀರು, 6.75. ಒಟ್ಟು ಅಡ್ಡಳತೆ 27 ಸ್ಟೇಡಿಯನ್, ನೆಲದ ಮೇಲೆ ಐದು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಹೊರಗಿನ ಉಂಗುರದಿಂದ ಕಡಲಿಗೆ ನೇರವಾದ ಕಾಲುವೆ: ಅಗಲ 300 ಅಡಿ, ಆಳ 100 ಅಡಿ, ಉದ್ದ 50 ಸ್ಟೇಡಿಯನ್. ಹಾಳೆಯ ಮೇಲೆ ಅದು ಎರಡೂವರೆ ಮಿಲಿಮೀಟರ್ ಅಗಲದ, 25 ಸೆಂಟಿಮೀಟರ್ ಉದ್ದದ ಪಟ್ಟಿ. ಕಾಗದ ಸಾಲದೇ ಹೋಗಬಹುದು. ಇನ್ನೊಂದು ಹಾಳೆ ಅಂಟಿಸಿಕೊಳ್ಳಿ.

ಈಗ ನೀರಿನ ಅಗಲ ಕೂಡಿ ನೋಡಿ: ಒಂದು, ಎರಡು, ಮೂರು, ಒಟ್ಟು ಆರು. ನೆಲದ ಅಗಲ ಎರಡು, ಮೂರು, ಒಟ್ಟು ಐದು. ಈ ಐದು ಮತ್ತು ಆರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತವೆ.

ಸಹಾರಾ ಮರುಭೂಮಿಯ ಮಾರಿಟೇನಿಯಾದಲ್ಲಿ ‘ರಿಷಾಟ್’ ಎಂಬ ದುಂಡನೆಯ ಬಂಡೆರಚನೆ ಇದೆ. ಆಕಾಶದಿಂದ ತೆಗೆದ ಅದರ ಚಿತ್ರ ತೋರಿಸಿ ಇದೇ ಅಟ್ಲಾಂಟಿಸ್ ಎನ್ನುವವರು ಬಹಳ. ಅದರ ಅಡ್ಡಳತೆ ಸುಮಾರು 40 ಕಿಲೋಮೀಟರ್. ನಿಮ್ಮ ಹಾಳೆಯ ನಗರ ಅದರೊಳಗೆ ಎಂಟು ಸಲ ಸಾಲಾಗಿ ಕೂರುತ್ತದೆ. ಉಬ್ಬಿದ ಶಿಲಾಪದರಗಳು ಸವೆದು ಆದ ಬಳೆಗಳವು, ಯಾರೂ ಅಗೆದದ್ದಲ್ಲ.

ತಂದೆ ಯಾರೂ ದಾಟಬಾರದೆಂದು ಕೊರೆದ ಉಂಗುರಗಳಿಗೆ ಮಕ್ಕಳು ಸೇತುವೆ ಹಾಕಿದರು. ಅಗಲ 100 ಅಡಿ. ಸೇತುವೆಗಳ ಪಕ್ಕದಲ್ಲೇ ನೆಲದ ಉಂಗುರಗಳನ್ನು ಸೀಳಿ, ಒಂದು ಟ್ರೈರೀಮ್ ಮಾತ್ರ ಹಾಯುವಷ್ಟು ದಾರಿ ಬಿಟ್ಟು, ಮೇಲೆ ಚಾವಣಿ ಹೊದಿಸಿದರು. ಟ್ರೈರೀಮ್ ಎಂದರೆ ಮೂರು ಸಾಲು ಹುಟ್ಟುಗಳ ಗ್ರೀಕ್ ಯುದ್ಧನೌಕೆ. ಉದ್ದ ಸುಮಾರು 37 ಮೀಟರ್, ಒಡಲಿನ ಅಗಲ ಐದೂವರೆ ಮೀಟರ್. ಅದು ನೀರಿನಲ್ಲಿ ಮುಳುಗುವುದು ಸುಮಾರು ಒಂದೇ ಮೀಟರ್. ಅಂಥ ಹಡಗಿಗೆ 100 ಅಡಿ ಆಳದ ಕಾಲುವೆ ಏನೇನೂ ಬೇಕಿಲ್ಲ. ಆಳ ಹಡಗಿಗಾಗಿ ಅಲ್ಲ, ಅತಿಯನ್ನು ತೋರಿಸುವುದಕ್ಕಾಗಿ ಎಂದೇ ನಾನು ಓದುತ್ತೇನೆ.

ನಡುಗಡ್ಡೆಯ ಅಡಿಯಿಂದಲೂ ಉಂಗುರಗಳ ಅಡಿಯಿಂದಲೂ ಬಿಳಿ, ಕಪ್ಪು, ಕೆಂಪು ಕಲ್ಲು ತೆಗೆದರು. ಕಲ್ಲು ತೆಗೆದ ಪೊಳ್ಳೇ ಜೋಡಿ ಹಡಗುಕಟ್ಟೆಯಾಯಿತು, ಮೇಲಿನ ಬಂಡೆಯೇ ಸೂರು. ಇದು ನಿಜಕ್ಕೂ ಕಸುಬು ಬಲ್ಲವರ ಯೋಚನೆ. ಟ್ರೈರೀಮನ್ನು ಸದಾ ನೀರಿನಲ್ಲೇ ಬಿಟ್ಟರೆ ಮರ ನೀರು ಕುಡಿದು ಭಾರವಾಗುತ್ತದೆ, ಹಡಗುಹುಳು ಕೊರೆಯುತ್ತದೆ. ಅದಕ್ಕೇ ಅಥೆನ್ಸಿನವರು ಪಿರೇಯಸ್ ಬಂದರಿನಲ್ಲಿ ಹಡಗುಗಳನ್ನು ಮೇಲಕ್ಕೆಳೆದು ಸೂರಿನಡಿ ಒಣಗಿಸಿಡುತ್ತಿದ್ದರು. ಪ್ಲೇಟೊ ಕಂಡ ಊರು ಕಲ್ಪನೆಯ ಊರಿನೊಳಗೆ ಹೀಗೆ ನುಸುಳಿದೆ.

ಗೋಡೆಗಳಿಗೆ ಲೋಹದ ಹೊದಿಕೆ. ಹೊರ ಉಂಗುರದ ಗೋಡೆಗೆ ಕಂಚು, ಒಳ ಉಂಗುರಕ್ಕೆ ತವರ, ನಡುಗಡ್ಡೆಯ ಕೋಟೆಗೆ ಬೆಂಕಿಯಂತೆ ಹೊಳೆಯುವ ಆರಿಕಾಲ್ಕಮ್. ಆ ಗ್ರೀಕ್ ಪದಕ್ಕೆ ಬೆಟ್ಟದ ತಾಮ್ರ ಎಂದರ್ಥ. ಸಿಸಿಲಿಯ ಗೆಲಾ ಬಳಿ ಮುಳುಗಿದ್ದ ಹಡಗಿನ ಸರಕಿನಲ್ಲಿ ಸಿಕ್ಕ 39 ಲೋಹದ ಗಟ್ಟಿಗಳನ್ನು 2015ರಲ್ಲಿ ಪತ್ರಿಕೆಗಳು ಇದೇ ಹೆಸರಿನಿಂದ ಕರೆದವು. ಪರೀಕ್ಷಿಸಿದಾಗ ಕಂಡದ್ದು ಮುಖ್ಯವಾಗಿ ತಾಮ್ರ ಮತ್ತು ಸತುವು, ನಮ್ಮ ಹಿತ್ತಾಳೆಯ ಜಾತಿಯದೇ. ಪೊಸೈಡನ್ ಗುಡಿ ಒಂದು ಸ್ಟೇಡಿಯನ್ ಉದ್ದ, ಅದರ ಅರ್ಧ ಅಗಲ. ಹೊರಗೆ ಬೆಳ್ಳಿ, ಶಿಖರಕ್ಕೆ ಚಿನ್ನ, ಒಳಗೆ ದಂತದ ಚಾವಣಿ. ಆರು ರೆಕ್ಕೆಗುದುರೆಗಳ ರಥದಲ್ಲಿ ನಿಂತ ದೇವರ ತಲೆ ಚಾವಣಿಗೆ ತಾಗುತ್ತಿತ್ತು.

ನಗರದಾಚೆ ಬಯಲು. ಉದ್ದ 3000 ಸ್ಟೇಡಿಯನ್, ಅಗಲ 2000. ನಮ್ಮ ಲೆಕ್ಕಕ್ಕೆ ಇಳಿಸಿದರೆ ಸುಮಾರು 1,90,000 ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ನಾಡನ್ನು ಒಂದೇ ಸಪಾಟು ಗದ್ದೆ ಮಾಡಿ, ಸುತ್ತ ಒಂದು ಸ್ಟೇಡಿಯನ್ ಅಗಲ, 100 ಅಡಿ ಆಳದ ಕಂದಕ ತೋಡಿದಂತೆ. ಕಂದಕದ ಸುತ್ತಳತೆ 10,000 ಸ್ಟೇಡಿಯನ್, ಸುಮಾರು 1780 ಕಿಲೋಮೀಟರ್. ಮನುಷ್ಯರ ಕೈಕೆಲಸ ಎಂದರೆ ನಂಬುವುದು ಕಷ್ಟ, ಆದರೂ ಕೇಳಿದ್ದನ್ನು ಹೇಳಬೇಕಲ್ಲ ಎನ್ನುತ್ತಾನೆ ಕ್ರಿಟಿಯಾಸನೇ. ಒಳಗೆ ನೂರು ನೂರು ಸ್ಟೇಡಿಯನ್ನಿಗೊಂದು ಅಡ್ಡ ಕಾಲುವೆ. ವರ್ಷಕ್ಕೆ ಎರಡು ಬೆಳೆ: ಚಳಿಗಾಲದ್ದು ಮಳೆ ನಂಬಿ, ಬೇಸಿಗೆಯದು ಕಾಲುವೆ ನಂಬಿ.

ಬಯಲನ್ನು ಹತ್ತು ಸ್ಟೇಡಿಯನ್ ಚೌಕಗಳಾಗಿ ಹಂಚಿದರು. ಒಂದೊಂದು ಚೌಕ ಸುಮಾರು 780 ಎಕರೆ, ಒಟ್ಟು 60,000 ಚೌಕ. ಪ್ರತಿ ಚೌಕದ ಮುಖಂಡ ಯುದ್ಧಕ್ಕೆ ಕೊಡಬೇಕಾದದ್ದು ಗೊತ್ತಾಗಿತ್ತು: ಒಂದು ರಥದ ಆರನೆಯ ಒಂದು ಪಾಲು, ಕುದುರೆ ಮತ್ತು ಸವಾರರು, ಭಾರಿ ಕವಚದ ಇಬ್ಬರು, ಇಬ್ಬರು ಬಿಲ್ಲಾಳು, ಇಬ್ಬರು ಕವಣೆಗಾರರು, ಹೀಗೆ, ಜೊತೆಗೆ ನಾಲ್ವರು ನಾವಿಕರು. ಆರು ಚೌಕಕ್ಕೊಂದು ರಥವೆಂದರೆ 10,000 ರಥ. ನಾವಿಕರು 2,40,000. ಹಡಗು 1200. ಭಾಗಿಸಿ ನೋಡಿ, ಹಡಗಿಗೆ ಸರಿಯಾಗಿ 200 ಜನ. ಅಥೆನ್ಸಿನ ನಿಜವಾದ ಟ್ರೈರೀಮಿನಲ್ಲಿ ಇರುತ್ತಿದ್ದದ್ದೂ 200 ಜನವೇ. ಮೇಜಿನ ಮುಂದೆ ಕೂತು ತಾಳೆ ಹಾಕಿದ ಲೆಕ್ಕ ಇದು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಅರಸ ಜೆರ್ಕ್ಸೀಸ್ ಗ್ರೀಸಿನ ಮೇಲೆ ತಂದ ಹಡಗು 1207 ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. 1200 ಎಂದ ಕೂಡಲೇ ಅಥೆನ್ಸಿನ ಕೇಳುಗನಿಗೆ ಯಾರ ನೆನಪಾಗಬೇಕೋ ಅವರದೇ ನೆನಪಾಗುತ್ತಿತ್ತು.

ಇನ್ನು ಆಳ್ವಿಕೆ. ಹತ್ತು ಅರಸರಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನಲ್ಲಿ ಸರ್ವಾಧಿಕಾರಿ, ಯಾರನ್ನು ಬೇಕಾದರೂ ಕೊಲ್ಲಿಸಬಲ್ಲ. ಆದರೆ ಒಬ್ಬರಿಗೊಬ್ಬರು ನಡೆದುಕೊಳ್ಳುವುದಕ್ಕೆ ಪೊಸೈಡನ್‌ನ ಕಟ್ಟಳೆ ಇತ್ತು. ಮೊದಲ ಅರಸರು ಅದನ್ನು ಆರಿಕಾಲ್ಕಮ್ ಕಂಬದ ಮೇಲೆ ಕೆತ್ತಿಸಿ ಗುಡಿಯಲ್ಲಿ ನಿಲ್ಲಿಸಿದ್ದರು. ಹತ್ತೂ ಜನ ಒಮ್ಮೆ ಐದನೆಯ ವರ್ಷಕ್ಕೆ, ಮತ್ತೊಮ್ಮೆ ಆರನೆಯ ವರ್ಷಕ್ಕೆ ಅಲ್ಲಿ ಸೇರುವರು; ಬೆಸಕ್ಕೂ ಸರಿಗೂ ಸಮ ಮರ್ಯಾದೆ ಸಲ್ಲಲಿ ಎಂದು. ನೆನಪಿಟ್ಟ ಐದು, ಆರು ಇಲ್ಲಿವೆ.

ಗುಡಿಯ ಆವರಣದಲ್ಲಿ ಹೋರಿಗಳು ಬಿಡಾಡಿಯಾಗಿ ಅಡ್ಡಾಡುತ್ತಿದ್ದವು. ಅರಸರು ಹತ್ತೇ ಜನ ಒಳಗೆ ಉಳಿದು, ನಿನಗೆ ಒಪ್ಪುವುದನ್ನು ನೀನೇ ಹಿಡಿಸು ಎಂದು ದೇವರಿಗೆ ಬೇಡಿಕೊಂಡು, ಬೇಟೆಗೆ ಇಳಿಯುವರು. ಕಬ್ಬಿಣ ಮುಟ್ಟುವಂತಿಲ್ಲ. ದೊಣ್ಣೆ ಮತ್ತು ಕುಣಿಕೆ ಹಗ್ಗ ಅಷ್ಟೇ. ಆಳುಕಾಳಿಲ್ಲದೆ, ದೇವರ ಮಕ್ಕಳು ಸ್ವತಃ ಹೋರಿಯ ಕೊಂಬಿಗೆ ಎದುರಾಗಿ ಅದನ್ನು ಜೀವಂತ ಹಿಡಿಯಬೇಕು. ಹಿಡಿದ ಹೋರಿಯನ್ನು ಕಂಬದ ಬಳಿ ತಂದು, ಬರಹದ ಮೇಲೆ ರಕ್ತ ಇಳಿಯುವಂತೆ ಕೊರಳು ಕೊಯ್ಯುವರು. ಆ ಬರಹದಲ್ಲಿ ಕಟ್ಟಳೆಯ ಜೊತೆಗೆ, ಮೀರಿದವನಿಗೆ ಶಾಪವೂ ಇತ್ತು. ದ್ರಾಕ್ಷಾರಸದ ದೊಡ್ಡ ಬೋಗುಣಿಗೆ ಒಬ್ಬೊಬ್ಬನ ಹೆಸರಲ್ಲಿ ಒಂದೊಂದು ರಕ್ತದ ಗಡ್ಡೆ ಹಾಕಿ, ಉಳಿದದ್ದನ್ನು ಬೆಂಕಿಗೆ ಒಪ್ಪಿಸಿ, ಕಂಬ ತೊಳೆಯುವರು. ಚಿನ್ನದ ಬಟ್ಟಲಲ್ಲಿ ಮೊಗೆದು, ಬೆಂಕಿಗೆ ಎರೆದು, ಆಣೆಯಿಟ್ಟು ಕುಡಿಯುವರು: ಕಟ್ಟಳೆಯಂತೆ ತೀರ್ಪು ಕೊಡುವೆ, ಬೇಕೆಂದು ಮೀರಲಾರೆ, ತಂದೆಯ ಕಟ್ಟಳೆಗೆ ಹೊರತಾಗಿ ಆಳಲಾರೆ, ಹಾಗೆ ಆಳುವವನಿಗೆ ತಲೆಬಾಗಲಾರೆ.

ಊಟ ಮುಗಿದು, ಕತ್ತಲು ಕವಿದು, ಬೆಂಕಿ ಆರುತ್ತ ಬಂದಾಗ ಎಲ್ಲರೂ ಕಡುನೀಲಿ ನಿಲುವಂಗಿ ತೊಡುವರು. ಗುಡಿಯ ಬೇರೆ ದೀಪಗಳೆಲ್ಲ ಆರಿರುತ್ತವೆ. ಬಲಿಯ ಕೆಂಡದ ಪಕ್ಕ ಬರಿ ನೆಲದ ಮೇಲೆ ಕೂತು, ಯಾರು ಏನು ತಪ್ಪಿದರೆಂದು ರಾತ್ರಿಯಿಡೀ ಒಬ್ಬರನ್ನೊಬ್ಬರು ವಿಚಾರಿಸುವರು. ಆ ಕತ್ತಲಲ್ಲಿ ಅಟ್ಲಾಸನ ಕುಲದ ಅರಸನೂ ಆರೋಪಿಯಾಗಬಹುದು. ಬೆಳಕು ಹರಿದ ಮೇಲೆ ತೀರ್ಪನ್ನು ಚಿನ್ನದ ಹಲಗೆಯ ಮೇಲೆ ಬರೆದು, ನಿಲುವಂಗಿಗಳ ಸಮೇತ ಗುಡಿಗೆ ಒಪ್ಪಿಸುವರು. ಒಬ್ಬರ ಮೇಲೊಬ್ಬರು ಆಯುಧ ಎತ್ತಬಾರದು. ಯುದ್ಧದ ಮಾತು ಎಲ್ಲರೂ ಕೂತು ಆಡಬೇಕು, ಮುಂದಾಳತ್ವ ಅಟ್ಲಾಸನ ಕುಲಕ್ಕೆ. ಆದರೆ ಆ ಅರಸ ಕೂಡ ಹತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪದೆ ದಾಯಾದಿಯೊಬ್ಬನನ್ನು ಕೊಲ್ಲಿಸುವಂತಿಲ್ಲ.

ಇಷ್ಟು ಬಿಗಿಯಾದ ಏರ್ಪಾಡು ಕೆಟ್ಟದ್ದು ಹೇಗೆ? ದೇವರ ಅಂಶ ತಲೆಮಾರಿನಿಂದ ತಲೆಮಾರಿಗೆ ಮನುಷ್ಯರ ರಕ್ತದಲ್ಲಿ ಬೆರೆತು ತೆಳುವಾಯಿತು, ಸಂಪತ್ತನ್ನು ಹೊರೆ ಎಂದೆಣಿಸಿದವರಿಗೆ ಅದೇ ನಶೆಯಾಯಿತು ಎನ್ನುತ್ತಾನೆ ಪ್ಲೇಟೊ. ಕಾಣುವ ಕಣ್ಣಿದ್ದವರಿಗೆ ಅವರು ಹೇಸಿಗೆಯಾಗಿ ಕಂಡರು. ಕಣ್ಣಿಲ್ಲದವರಿಗೆ ಆಗಲೇ ಅತ್ಯಂತ ಭಾಗ್ಯವಂತರಾಗಿ ಕಂಡರು. ನನಗೆ ಕಾಣುವ ದೋಷ ಇನ್ನೊಂದಿದೆ. ಆ ರಾತ್ರಿಯ ನ್ಯಾಯಸಭೆಯಲ್ಲಿ ಆರೋಪಿಗಳೂ ಹತ್ತೇ ಜನ, ನ್ಯಾಯಾಧೀಶರೂ ಅದೇ ಹತ್ತು ಜನ. ಹೊರಗಿನ ಪ್ರಜೆಗೆ ಅಲ್ಲಿ ಬಾಯಿ ಇಲ್ಲ. ಹತ್ತೂ ಒಟ್ಟಿಗೆ ಕೊಳೆತರೆ ತಡೆಯುವ ಕೈ ಯಾವುದೂ ಉಳಿಯುವುದಿಲ್ಲ.

ಮುಳುಗಿದ ಸಂಗತಿ ‘ಟಿಮೇಯಸ್’ನಲ್ಲಿದೆ: ಅಥೆನ್ಸಿನ ಮೇಲೆ ಏರಿಬಂದು ಸೋತ ಮೇಲೆ ಭೂಕಂಪ, ಪ್ರವಾಹ, ಒಂದೇ ಹಗಲು ಒಂದೇ ಇರುಳಿನಲ್ಲಿ ದ್ವೀಪ ಮಾಯ. ಪ್ಲೇಟೊ ಬದುಕಿದ್ದಾಗಲೇ, ಕ್ರಿ.ಪೂ. 373ರ ಚಳಿಗಾಲದ ಒಂದು ರಾತ್ರಿ, ಪೊಸೈಡನ್ ಗುಡಿಗೆ ಹೆಸರಾದ ಹೆಲಿಕೆ ಎಂಬ ಗ್ರೀಕ್ ಊರು ಭೂಕಂಪಕ್ಕೂ ಅಲೆಗೂ ಸಿಕ್ಕಿ ನೀರಿನಡಿ ಹೋಗಿತ್ತು. ಅಟ್ಲಾಂಟಿಕ್ ತಳದಲ್ಲಿ ಹುಡುಕುವವರು ಮೊದಲು ಇದನ್ನು ಓದಬೇಕು.

‘ಕ್ರಿಟಿಯಾಸ್’ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅರಸರು ಕೆಟ್ಟದ್ದನ್ನು ಕಂಡ ದೇವರುಗಳ ಒಡೆಯ ಸ್ಯೂಸ್, ಶಿಕ್ಷೆ ಕೊಟ್ಟು ತಿದ್ದಬೇಕೆಂದು ನಿಶ್ಚಯಿಸಿ, ವಿಶ್ವದ ನಡುವೆ ಇರುವ ತನ್ನ ಮನೆಗೆ ದೇವರುಗಳನ್ನೆಲ್ಲ ಕರೆಸುತ್ತಾನೆ. ಅವರೆಲ್ಲ ಬಂದು ಸೇರಿದ ಮೇಲೆ ಹೀಗೆಂದನು, ಎಂಬಲ್ಲಿಗೆ ವಾಕ್ಯ ಅರ್ಧಕ್ಕೇ ನಿಂತಿದೆ. ಮುಂದೆ ಒಂದಕ್ಷರವೂ ಇಲ್ಲ.

ನಮಸ್ಕಾರ.